ಕೆಂಪು ಚುಕ್ಕೆಯ ಬಳಚು

ಸಂಶೋಧನೆಗೆ ಬಂದ ಸಾಹೇಬರು ತರಗತಿಯಲ್ಲಿ ಎತ್ತಿ ಹಿಡಿದ ಚಿಪ್ಪನ್ನು ನೋಡಿದ್ದೇ ಸುಬ್ಬಿ ಪಾಟಿಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಚಿಪ್ಪಿನ ಬೆನ್ನ ಮೇಲೆ ಕೆಂಪು ಚುಕ್ಕೆ. ಅಂಥದ್ದೇ ಬಳಚನ್ನು, ಹೊಳೆಯ ಚಿಪ್ಪುಮೀನನ್ನು, ಅವಳು ಭಾನುವಾರ ಸಾರಿನಲ್ಲಿ ತಿಂದಿದ್ದಳು. ಒಂದಲ್ಲ, ಬಟ್ಟಲು ತುಂಬ. ಒಂದು ಚಿಪ್ಪು ಈಗಲೂ ಅವಳ ಪಾಟಿಚೀಲದಲ್ಲಿತ್ತು. ಎಲ್ಲಕ್ಕಿಂತ ದೊಡ್ಡದು ಎಂದು ಕುಂಟಬಿಲ್ಲೆ ಆಡಲು ಇಟ್ಟುಕೊಂಡಿದ್ದಳು.

"ಗುರುತಿಗೆ ಹೀಗೆ ಬಣ್ಣ ಇಟ್ಟು ಇನ್ನೂರು ಬಳಚು ಹೊಳೆಯ ಕೆಸರಿನಲ್ಲಿ ಬಿಟ್ಟಿದ್ದೆ," ಎಂದರು ಸಾಹೇಬರು. "ಎಂಟು ತಿಂಗಳಾಯಿತು. ನಿನ್ನೆ ನೋಡಿದರೆ ಹನ್ನೊಂದೇ ಇವೆ."

ನಾಲ್ಕನೇ ಇಯತ್ತೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಳೆ ಸಮುದ್ರಕ್ಕೆ ಸೇರುವಲ್ಲಿ ಸಂಶೋಧನಾ ಕೇಂದ್ರ ಕಟ್ಟುವ ಮಾತು ಒಂದು ವರ್ಷದಿಂದ ನಡೆದಿತ್ತು. ನಡುವೆ ಲ್ಯಾಬು, ಸುತ್ತ ಕಂಪನಿಗಳು. ಬಳಚನ್ನು ಡಬ್ಬಿಯಲ್ಲಿ ತುಂಬುವುದು ಒಂದು, ಮೀನೆಣ್ಣೆಯದು ಒಂದು, ಐಸಿನದು ಒಂದು. ಆದರೆ ಇಲ್ಲಿಯ ಕೆಸರಿನಲ್ಲಿ ಬಳಚು ಎಷ್ಟು ಬೇಗ ಬೆಳೆಯುತ್ತದೆ ಎಂದು ಮೊದಲು ತಿಳಿಯಬೇಕಿತ್ತು. ತಿಳಿಯದಿದ್ದರೆ ಕಂಪನಿಗಳು ಬೇರೆ ಊರು ಹುಡುಕಿಕೊಳ್ಳುತ್ತವೆ ಎಂದು ಸಾಹೇಬರು ಹೇಳಿದರು.

ಮಾಬ್ಲೇಶ್ವರ ಮಾಸ್ತರಿಗೆ ಬೈಯಲು ಒಂದು ಮುಖ ಬೇಕಿತ್ತು. ಸಣ್ಣಿಯ ಮುಖ ಸಿಕ್ಕಿತು. ಆ ಜಾಗ ಕಾಯುವ ವಾಚ್‌ಮನ್ ಜಟ್ಟ ಅವಳ ಅಪ್ಪ.

"ಬೇಲಿಯೇ ಹೊಲ ಮೇಯ್ತು, ಅಲ್ದನೇ?" ಎಂದರು ಮಾಸ್ತರು.

ನಾಳೆಯಿಂದ ಜಟ್ಟ ಕೆಲಸಕ್ಕೆ ಬರುವುದು ಬೇಡ ಎಂದು ಸಾಹೇಬರು ಹೇಳಿಬಿಟ್ಟರು. ಹಿಂದಿನ ಬೆಂಚಿನಿಂದ ಯಾರೋ "ಬಳಚುಕಳ್ಳಿ" ಎಂದರು. ಸಣ್ಣಿ ಪಾಟಿಯ ಮೇಲೆ ಮುಖ ಇಟ್ಟು ಅತ್ತಳು. ಪಕ್ಕದಲ್ಲೇ ಸುಬ್ಬಿ ಕೂತಿದ್ದಳು. ಚೀಲವನ್ನು ಮೆಲ್ಲಗೆ ಬೆಂಚಿನ ಕೆಳಗೆ ತಳ್ಳಿದಳು.

ಗಂಟೆ ಬಾರಿಸಿದ್ದೇ ಮನೆಗೆ ಓಡಿದಳು.

ಅವಳ ತಾಯಿ ಗಂಗೆ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಸುಬ್ಬಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಗಂಗೆಯ ಕೈಯಲ್ಲಿದ್ದ ಮೊರ ನಿಂತಿತು.

"ಹುಲ್ಲು ಕಟ್ಟಿದ್ರಾ ಅಲ್ಲಿ? ಕಟ್ಟಿರ್ಲಿಲ್ಲ. ನಾ ನಾಲ್ಕೂ ಗೂಟ ನೋಡಿಯೇ ಇಳಿದೆ."

ಅದು ನಿಜ. ಗದ್ದೆಯಿರಲಿ, ಕೆರೆಯಿರಲಿ, ಮುಟ್ಟಬಾರದ ಜಾಗಕ್ಕೆ ಗೂಟ ನೆಟ್ಟು ಹುಲ್ಲಿನ ಸಿಂಬೆ ಕಟ್ಟುವುದು ಊರಿನ ಪದ್ಧತಿ. ಸಿಂಬೆ ಕಂಡರೆ ದನ ಕಾಯುವ ಮಕ್ಕಳೂ ಆಚೆ ಸರಿಯುತ್ತಾರೆ. ಸಾಹೇಬರು ಗೂಟಕ್ಕೆ ಬರೀ ಬಿಳಿ ಬಣ್ಣ ಬಳಿದಿದ್ದರು. ಮೀಟಿಂಗ್ ಮಾಡಿ ಗಂಡಸರಿಗೆಲ್ಲ ಹೇಳಿದ್ದರು. ಬಳಚು ಹೆಕ್ಕುವವರು ಹೆಂಗಸರು. ಅವರಿಗೆ ಹೇಳಬೇಕೆಂದು ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಜಟ್ಟ ಕಾಯುವುದು ಬಿದಿರಿನ ಗೂಟಗಳನ್ನು ಎಂದೇ ಗಂಗೆ ತಿಳಿದಿದ್ದಳು. ಅವನು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ನೀರು ಇಳಿದಿತ್ತು, ತಾಯಿ ಮಗಳೂ ಇಳಿದಿದ್ದರು. ಚುಕ್ಕೆ ಕಂಡದ್ದು ಮನೆಗೆ ತಂದು ಕೆಸರು ತೊಳೆದಾಗ.

"ಸಣ್ಣಿ ಅಪ್ಪನ ಕೆಲ್ಸ ಹೋಗ್ತದಂತೆ, ಅಬ್ಬೇ."

ಗಂಗೆ ಮೊರ ಕೆಳಗಿಟ್ಟಳು. "ಚಿಪ್ಪು ಎಲ್ಲಿ? ಸಾಹೇಬ್ರಿಗೆ ತೋರ್ಸಿ ನಿಜ ಹೇಳ್ಬೇಕು."

ಹಿತ್ತಿಲಿನ ಚಿಪ್ಪಿನ ರಾಶಿ ಖಾಲಿಯಾಗಿತ್ತು. ಸುಣ್ಣದ ಭಟ್ಟಿಯ ತಿಮ್ಮ ಮಧ್ಯಾಹ್ನವೇ ಬಂದು ಹೊತ್ತುಕೊಂಡು ಹೋಗಿದ್ದ. ಭಟ್ಟಿಗೆ ಹೋದರೆ ಎಲ್ಲ ಸುಟ್ಟು ಪುಡಿ. ಇಬ್ಬರೂ ಹೊಳೆಯ ದಡಕ್ಕೆ ಓಡಿದರು.

ತಿಮ್ಮ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಗಂಗೆ ದೋಣಿಗೆ ಹತ್ತಿ ತನ್ನ ಮನೆಯ ಬುಟ್ಟಿಯನ್ನು ದಡದ ಮೇಲೆ ಸುರಿದಳು.

"ನಿಂಗೆ ಎಂತ ಆತೇ ಗಂಗೆ? ಭೂತ ಹಿಡೀತಾ?"

"ಹಿಡೀತು. ನೀನೂ ಕೂತ್ಕೊ. ಕೆಂಪು ಚುಕ್ಕೆ ಇದ್ದದ್ದು ಹೆಕ್ಕು."

ತಿಮ್ಮ ಗೊಣಗುತ್ತಲೇ ಕೂತ. ಹೊತ್ತು ಮುಳುಗುವ ತನಕ ಮೂವರೂ ಹೆಕ್ಕಿದರು.

ಮರುದಿನ ಗಂಗೆ ಬುಟ್ಟಿ ಹೊತ್ತು ಶಾಲೆಗೆ ಬಂದಳು. ಸಾಹೇಬರು ಜಗಲಿಯಲ್ಲಿ ಕಾಗದ ಹರಡಿಕೊಂಡಿದ್ದರು. ಒಂದು ಪಕ್ಕಕ್ಕೆ ಜಟ್ಟ ತಲೆ ತಗ್ಗಿಸಿ ನಿಂತಿದ್ದ.

"ತಿಂದದ್ದು ನಾನು, ಸಾಹೇಬ್ರೇ. ಜಟ್ಟ ಅಲ್ಲ," ಎಂದು ಗಂಗೆ ಬುಟ್ಟಿ ಇಳಿಸಿದಳು. ಹುಲ್ಲಿನ ಸಿಂಬೆಯ ಮಾತನ್ನೂ ಹೇಳಿದಳು. ಅವಳ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಸಾಹೇಬರು ಬುಟ್ಟಿಯತ್ತ ಬಗ್ಗಿದರು. ಒಂದು ಚಿಪ್ಪು ತೆಗೆದು ತಿರುಗಿಸಿದರು. ಚುಕ್ಕೆಯ ಕೆಳಗೆ ಸಣ್ಣ ಕಪ್ಪು ಗೀರುಗಳಿದ್ದವು. ಸುಬ್ಬಿಗೆ ಅವು ಬರೀ ಗೀರು. ಇಂಗ್ಲಿಷ್ ಅಂಕಿಯ ನಂಬರು ಎಂದು ಅವಳಿಗೆ ತಿಳಿದದ್ದು ಈಗಲೇ.

"ನೀವು ಚಿಪ್ಪು ಎಸೆಯುವುದಿಲ್ಲವೇ?" ಎಂದು ಸಾಹೇಬರು ಕೇಳಿದರು.

"ಸುಣ್ಣಕ್ಕೆ ಕೊಡ್ತೇವೆ. ಎಸೆಯೂದು ಎಂತಕ್ಕೆ?"

ಮಾಂಸದ ತೂಕ ಸಿಗುವುದಿಲ್ಲ, ಲೆಕ್ಕ ಅರ್ಧವೇ ಸರಿ ಎಂದರು ಸಾಹೇಬರು. ಆದರೂ ಚಿಪ್ಪಿನ ಉದ್ದದಿಂದ ಬೆಳವಣಿಗೆ ತಿಳಿಯುತ್ತದೆ ಎಂದು ಅಳತೆಪಟ್ಟಿ ತೆಗೆದರು. ಜಟ್ಟನನ್ನು ಕೆಲಸದಿಂದ ತೆಗೆಯುವ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಹೋಗಿ ಗೂಟಗಳಿಗೆ ಹುಲ್ಲು ಕಟ್ಟು ಎಂದು ಅವನನ್ನು ಕಳಿಸಿದರು. ಬಾಗಿಲಲ್ಲಿ ನಿಂತಿದ್ದ ಮಾಸ್ತರು ಒಳಗೆ ಹೋದರು.

ಸಾಹೇಬರು ನಂಬರು ಓದಿ ಅಳತೆ ಹೇಳಿದರು. ಸಣ್ಣಿ ಪಾಟಿಯ ಮೇಲೆ ಕಾಗದ ಇಟ್ಟು, ಹೊಳೆಯಲ್ಲಿ ಉಳಿದ ಹನ್ನೊಂದನ್ನು ಬಿಟ್ಟು ಕನ್ನಡ ಅಂಕಿಯಲ್ಲಿ ನಂಬರುಗಳ ಪಟ್ಟಿ ಮಾಡಿ, ಒಂದೊಂದರ ಮುಂದೆ ಅಳತೆ ಬರೆದುಕೊಂಡಳು. ಚಿಪ್ಪು ತೆಗೆದುಕೊಡುವುದು ಸುಬ್ಬಿಯ ಕೆಲಸ.

ಬುಟ್ಟಿ ಮುಗಿಯಿತು. ಸಣ್ಣಿ ಪಟ್ಟಿ ನೋಡಿದಳು. "೫೭ ಒಂದು ಬರಲಿಲ್ಲ."

ಸುಬ್ಬಿ ಚೀಲಕ್ಕೆ ಕೈ ಹಾಕಿದಳು. ಬಿಲ್ಲೆಯ ಚಿಪ್ಪು ತೆಗೆದು ಸಾಹೇಬರ ಮುಂದಿಟ್ಟಳು.

ಅವರು ಅದರ ಅಂಚಿನ ಮೇಲೆ ಬೆರಳಾಡಿಸಿದರು. ಬಿಲ್ಲೆ ದುಂಡಗಾಗಲೆಂದು ಸುಬ್ಬಿ ಕಲ್ಲಿಗೆ ತಿಕ್ಕಿ ತಿಕ್ಕಿ ಅಂಚು ಸವೆಸಿದ್ದಳು.

"ಇದನ್ನು ಅಳೆಯಲು ಬರುವುದಿಲ್ಲ," ಎಂದರು.

ಸಣ್ಣಿ ಪಾಟಿಯಿಂದ ತಲೆಯೆತ್ತಿದಳು. "ನಿನ್ನೆ ನಿನ್ನ ಚೀಲದಲ್ಲೇ ಇತ್ತಾ ಇದು?"

ಸುಬ್ಬಿ ಹೂಂ ಎಂದಳು.

ಸಣ್ಣಿ ಪಾಟಿಯನ್ನು ತನ್ನತ್ತ ಎಳೆದುಕೊಂಡಳು. ೫೭ರ ಮುಂದೆ ಏನನ್ನೂ ಬರೆಯಲಿಲ್ಲ. ಸುಬ್ಬಿ ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಎಲ್ಲಕ್ಕಿಂತ ದೊಡ್ಡ ಬಳಚು ಅದೇ ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.