ಮೂರನೆಯ ಮಡಿಕೆಯ ಟೇಪು

ಮನುಕುಲದ ಭವಿಷ್ಯಕ್ಕೆ ಸಂಬಂಧಿಸಿದ ಗಂಭೀರ ವಿಷಯವೊಂದನ್ನು ಇಲ್ಲಿ ಹೇಳಬೇಕಾಗಿದೆ: ಆಸ್ಟ್ರೇಲಿಯದ ಕೂಬರ್ ಪೀಡಿಯ ಕೆಂಪು ಮಣ್ಣಿನಲ್ಲಿ, ಮಂಗಳವಾರ ಬೆಳಿಗ್ಗೆ, ಬೆರಳುದ್ದದ ಟೇಪೊಂದು ಕೀಳದೆ ಉಳಿದಿತ್ತು.

ಉಳಿದದ್ದು ಎಂಜಿನಿಯರ್ ಡಾನಿಕಾಳ ಸೌರಫಲಕದ ಮೇಲೆ. ಬೆಕ್ಕಿನ ಗಾತ್ರದ ಚಂದ್ರಬಂಡಿಯ ಬೆನ್ನ ಮೇಲೆ ನಾಲ್ಕು ಮಡಿಕೆಯಾಗಿ ಕೂತು, ಚಂದ್ರನ ಮೇಲೆ ಇಳಿದಾಗ ತಾನಾಗಿ ಬಿಚ್ಚಿಕೊಳ್ಳಬೇಕಾದ ಫಲಕ. ಎರಡು ವರ್ಷದ ದುಡಿಮೆ. ಇವತ್ತಿನ ಪರೀಕ್ಷೆಯಲ್ಲಿ ಬಿಚ್ಚಿಕೊಂಡರೆ ಬಂಡಿಗೆ ಇದೇ, ಇಲ್ಲದಿದ್ದರೆ ಎದುರಾಳಿ ಮೆಲ್ಬರ್ನ್ ತಂಡದ ಫಲಕ.

ಎರಡು ಮಡಿಕೆ ಬಿಚ್ಚಿತು. ಮೂರನೆಯದು ನಡುಗಿತು... ನಿಂತೇಬಿಟ್ಟಿತು!

ಡಾನಿಕಾ ಬಾಗಿ ನೋಡಿದಳು. ಟೇಪು!

"ಫರ್ಗಸ್!"

ಮಡಿಕೆಗಳ ಕೀಲುಗಳನ್ನು ಮಾಡಿದ್ದ, ಅಡಿಲೇಡಿನಿಂದ ಟ್ರಕ್ಕಿನಲ್ಲಿ ಫಲಕ ತಂದಿದ್ದ ಫರ್ಗಸ್, ಕೈಯಲ್ಲಿದ್ದ ಮಾಂಸದ ಪೈ ಕೆಳಗಿಟ್ಟ.

"ಇದನ್ನ ಅಂಟಿಸಿದ್ದು ಯಾರು?"

"ನಾನೇ. ಆ ದಾರೀಲಿ ಹಲ್ಲೇ ಉದುರತ್ತೆ. ಅಲುಗಾಡದಿರ್ಲಿ ಅಂತ..."

"ಕೀಳೋಕೆ ನಿಮ್ಮಜ್ಜಿ ಬರ್ಬೇಕಿತ್ತಾ?"

ಅವನು ಟೇಪನ್ನು ನೋಡಿದ. ಪರೀಕ್ಷಕಿ ಓಡೆಟ್‌ಳನ್ನು ನೋಡಿದ.

"ಮರ್ತೆ. ತಪ್ಪು ನಂದು."

ಡಾನಿಕಾ ಒಳಗೇ ಕುದಿದಳು: 'ಮರೆತನಂತೆ! ಎರಡು ವರ್ಷ ಒಂದೇ ಮೇಜಿನಲ್ಲಿ ಇವನ ಗೊರಕೆಯಂಥ ನಗುವನ್ನು ಸಹಿಸಿದೆ... ಸಹಿಸಿದ್ದೇನು, ಅದಕ್ಕಾಗಿ ಕಾಯುತ್ತಿದ್ದೆ!'

ಓಡೆಟ್ 'ಅನುತ್ತೀರ್ಣ' ಎಂದು ಬರೆದು ಫೈಲು ಮುಚ್ಚಿದಳು.

ಡಾನಿಕಾ ದಡದಡನೆ ಕಾರಿಗೆ ನಡೆದು, ಕೀಲಿಕೈಗಾಗಿ ಜೇಬಿಗೆ ಕೈ ಹಾಕಿದಳು. ಬಂದದ್ದು ಒಂದು ಕೆಂಪು ರಿಬ್ಬನ್.

ಪರೀಕ್ಷೆಗೆ ಮೊದಲು ಕೀಳಬೇಕಾದ್ದಕ್ಕೆಲ್ಲ, ಮರೆಯದಿರಲೆಂದು, ಕೆಂಪು ರಿಬ್ಬನ್ ಕಟ್ಟುವುದು ಅವರ ಪದ್ಧತಿ. ಪರೀಕ್ಷೆಗೆ ಮೊದಲು ವಿದ್ಯುತ್ತು ಅಳೆಯುವಾಗ ಇದರ ನೆರಳು ಫಲಕದ ಮೇಲೆ ಬಿದ್ದು ಅಳತೆ ಇಳಿಯುತ್ತಿತ್ತೆಂದು, ಇನ್ನೊಂದು ತುದಿ ಎಲ್ಲಿದೆಯೆಂದೂ ನೋಡದೆ, ಕಚಕ್ಕನೆ ಕತ್ತರಿಸಿದ್ದವಳು ಅವಳೇ.

ಬಯ್ಯಲು ಬೇರೆ ಯಾರೂ ಉಳಿಯದ್ದರಿಂದ ಸಿಟ್ಟು ಇಮ್ಮಡಿಯಾಯಿತು. ಫರ್ಗಸ್ ಬಳಿಗೆ ಮರಳಿ ರಿಬ್ಬನ್ ಎತ್ತಿ ಹಿಡಿದಳು.

"ನಿಂಗೆ ಗೊತ್ತಿತ್ತಾ?"

"ಕತ್ತರಿಸಿದ ತುದಿ ಟೇಪಲ್ಲೇ ಇತ್ತಲ್ಲ."

"ಮತ್ಯಾಕೋ ಸುಳ್ಳು ಹೇಳ್ದೆ? ನಾನೇನು ಹಾಲು ಕುಡಿಯೋ ಮಗುನಾ?"

"ಎಲ್ಲರ ಮುಂದೆ ನಿನ್ನ ಮುಖ ಸಣ್ಣದಾಗೋದು ನೋಡೋಕಾಗ್ಲಿಲ್ಲ."

"ಆಗ್ಲಿ ಬಿಡು!"

ಅವಳು ನೇರ ಓಡೆಟ್‌ಳ ಮುಂದೆ ನಿಂತಳು. "ರಿಬ್ಬನ್ ಕತ್ತರಿಸಿದ್ದು ನಾನು. ಇವನದೇನೂ ತಪ್ಪಿಲ್ಲ, ಇವನು ಮಾಡಿದ ಕೀಲಿನದೂ ಇಲ್ಲ. ಇನ್ನೊಂದ್ಸಲ ನೋಡಿ."

"ವರದೀಲಿ ನಿನ್ನ ಹೆಸರು ಬರತ್ತೆ."

"ಬರ್ಲಿ."

"ಮುಕ್ಕಾಲು ಗಂಟೆ ಕೊಡ್ತೀನಿ. ಮಡಿಸಿ."

ಟೇಪನ್ನು ಕಿತ್ತು, ಇಬ್ಬರೂ ಮಂಡಿಯೂರಿ ಫಲಕ ಮಡಿಸತೊಡಗಿದರು.

"ಇನ್ನೊಂದ್ಸಲ ನಂಗೋಸ್ಕರ ಸುಳ್ಳು ಹೇಳಿದ್ರೆ ಇಲ್ಲೇ ಹೂತುಬಿಡ್ತೀನಿ."

"ಹಾಗಾದ್ರೆ ನಿಜ ಹೇಳ್ಲಾ?" ಅವನ ದನಿ ತಗ್ಗಿತು. "ನೀನಂದ್ರೆ ಪ್ರಾಣ ನಂಗೆ... ಒಂದೂವರೆ ವರ್ಷದಿಂದ."

ಅವಳ ಕೈ ನಿಂತಿತು. "ಇದನ್ನ ಈಗ ಹೇಳೋದಾ? ಈಗ!"

"ಕೋಪಾನಾ?"

"ಮೈಯೆಲ್ಲಾ ಉರೀತಿದೆ. ಒಂದೂವರೆ ವರ್ಷ ಏನು ಮಾಡ್ತಿದ್ದೆ, ಕತ್ತೆ? ನಾನೂ ಕಾಯ್ತಿದ್ದೆ..."

"ಡಾನಿಕಾ... ಆ ತುದಿ ಬಿಡ್ಬೇಡ."

"ಬಿಡಲ್ಲ ಕಣೋ."

ಫಲಕ ಹನ್ನೊಂದು ಸೆಕೆಂಡಿನಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಬಂಡಿಗೆ ಅದನ್ನೇ ಆರಿಸಿದರು.