ಅರಿಷಿಣ ಹಚ್ಚಿದ ಮೆಮರಿ

ಕಂಪ್ಯೂಟರ್ ನಿಧಾನವಾಗಿದೆ ಎಂದು ಕರೆಸಿದ್ದಕ್ಕೆ ಬಂದ ರಿಪೇರಿ ಹುಡುಗ ಸಮಾಧಾನ, ಡಬ್ಬಿಯ ಪಕ್ಕದ ತಗಡು ಬಿಚ್ಚಿ ಒಳಗೆ ಬಗ್ಗಿ ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ.

"ಏನಾತಲೇ? ಹೇಳ!" ಎಂದರು ಮನೆಯ ಯಜಮಾನ ವಿರುಪಾಕ್ಷಪ್ಪ.

ಅವನು ಎರಡು ಬೆರಳಿನಿಂದ ಮೆಮರಿ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಅಂಗೈ ಮೇಲಿಟ್ಟುಕೊಂಡ. ಬಾಚಣಿಗೆಯಷ್ಟು ಉದ್ದದ ಎರಡು ಹಸಿರು ಪಟ್ಟಿಗಳು.

"ಇವು ನಾ ಹಾಕಿದ್ದಲ್ರೀ ಮಾಲಕರ. ನಾ ಹಾಕಿದ್ದು ಐದನೂರಾ ಹನ್ನೆರಡರವು ಎರಡು. ಇವು ನೂರಾ ಇಪ್ಪತ್ತೆಂಟರವು. ಯಾರೋ ಅದಲಾಬದಲಿ ಮಾಡ್ಯಾರ್ರೀ."

ವಿರುಪಾಕ್ಷಪ್ಪನವರ ಹೆಂಡತಿ ಕಾಳವ್ವ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯ, ಇದರ ಮ್ಯಾಲ ಅರಿಷಿಣ ಐತಲ್ಲೋ! ದಸರಾ ದಿನ ಪೂಜ್ಯಾಗ ನಾ ಹಚ್ಚಿದ್ದ!"

ಆ ಒಂದು ಮಾತು ಸಾಕಾಯಿತು. ಯಾಕೆಂದರೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮುಂಜಾನೆಯೇ ಸಮಾಧಾನ ಈ ಕಂಪ್ಯೂಟರ್ ತಂದು ಜೋಡಿಸಿದ್ದು. ಅವನು ಪಟ್ಟಿ ಕೂರಿಸಿದ ಕೂಡಲೇ ಕಾಳವ್ವ ಅರಿಷಿಣ ಹಚ್ಚಿದ್ದು. ಪಟ್ಟಿಯ ಮೇಲೆ ಅರಿಷಿಣ ಇದೆ ಎಂದರೆ ಅವತ್ತು ಒಳಗೆ ಇದ್ದದ್ದು ಇವೇ. ಅಂದರೆ ಸಮಾಧಾನ ದೊಡ್ಡ ಮೆಮರಿ ಎಂದು ಹೇಳಿ ಸಣ್ಣದನ್ನು ತುರುಕಿದ್ದಾನೆ. ಯಾರಿಗಾದರೂ ಹಾಗೇ ಅನಿಸುತ್ತದೆ.

ವಿರುಪಾಕ್ಷಪ್ಪನವರಿಗೆ ಅನಿಸಿದ್ದಷ್ಟೇ ಅಲ್ಲ, ಅವರು ಅವನ ಚೀಲ ಕಸಿದು ಅಂಗಳದಲ್ಲಿ ಸುರಿದರು. ಸ್ಕ್ರೂ, ವೈರು, ಊಟದ ಡಬ್ಬಿ, ಎಲ್ಲ ಮಣ್ಣುಪಾಲು. ಕಟ್ಟೆಯ ಮೇಲೆ ಕೂತಿದ್ದ ಊರಿನ ಹಿರಿಯರು ನೋಡುತ್ತಿದ್ದರು.

"ನಿಮ್ಮಂಥವರನ್ನ ದೇವರ ಮನಿ ತನಕಾ ಬಿಟ್ಟಿದ್ದ ನಮ್ಮ ತಪ್ಪು. ಬರೋ ಸಂತಿ ದಿನದೊಳಗ ಮಳಗಿ ಖಾಲಿ ಮಾಡ!" ಎಂದು ಕೂಗಿದರು ವಿರುಪಾಕ್ಷಪ್ಪ.

ಮಗ ಸಿದ್ದಲಿಂಗ ಮಾತ್ರ ಮೆತ್ತಗೆ ಹೇಳಿದ: "ಬಿಡ್ರೀ ಅಪ್ಪಾ. ಬಡವ ಅದಾನ. ಪೊಲೀಸು ಗಿಲೀಸು ಬ್ಯಾಡ. ಮಳಗಿ ಬಿಟ್ಟ ಹೋದ್ರ ಸಾಕು."

ಸಮಾಧಾನ ಮಣ್ಣಿನಲ್ಲಿ ಕೂತು ಸ್ಕ್ರೂಗಳನ್ನು ಆರಿಸುತ್ತಿದ್ದ. ನನಗೆ ಮೈಯೆಲ್ಲ ಉರಿದು ಹೋಯಿತು.

ನಾನು ಅಣ್ಣಾಸಾಬ. ಐನಾಪುರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಪಕ್ಕದ ಮಳಿಗೆ ಸಮಾಧಾನನದು. ಎರಡಕ್ಕೂ ವಿರುಪಾಕ್ಷಪ್ಪನವರೇ ಮಾಲಕರು. ನನ್ನ ಲಗ್ನದ ಆಲ್ಬಮ್‌ಗಳನ್ನು ಮಾಡಿಕೊಡುವ ಸೊಸೆಗೆ ಫೋಟೋ ಕೊಡಲೆಂದು ಆ ಹೊತ್ತಿಗೆ ಆ ಮನೆಗೆ ಹೋಗಿದ್ದೆ. ಹೆಣ್ಣು–ಗಂಡಿನ ಹಿಂದೆ ತಾಜಮಹಲು, ಜಲಪಾತ ಕೂರಿಸುವ ಕೆಲಸವನ್ನು ಈ ಕೋಮಲ, ಸಿದ್ದಲಿಂಗನ ಹೆಂಡತಿ, ನಿಪ್ಪಾಣಿಯ ತವರಿನಲ್ಲೇ ಕಲಿತು ಬಂದಿದ್ದಳು. ಕಂಪ್ಯೂಟರ್ ಬಂದದ್ದೇ ಅವಳ ಕೆಲಸಕ್ಕೆ. ಆಗಿನ್ನೂ ಎರಡು ಸಾವಿರದ ಐದು. ಊರಲ್ಲಿ ಕಂಪ್ಯೂಟರ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಸುಳ್ಳೇಕೆ ಹೇಳಲಿ, ಅವತ್ತು ನನಗೆ ನ್ಯಾಯ ಬೇಕಿರಲಿಲ್ಲ, ಸೇಡು ಬೇಕಿತ್ತು. ಯಾರೋ ಒಬ್ಬರ ಮುಖಕ್ಕೆ ಮಸಿ ಬಳಿಯಬೇಕಿತ್ತು. ಯಾರು ಅನ್ನುವುದೇ ಗೊತ್ತಿರಲಿಲ್ಲ.

* * *

ಮರುದಿನ ಕಬ್ಬೂರಿನಿಂದ ಗಂಗೂಬಾಯಿ ಬಂದರು, ಮಗನ ಲಗ್ನದ ಆಲ್ಬಮ್ ಒಯ್ಯಲು. ಚಿಕ್ಕೋಡಿ ಠಾಣೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದ ಹೆಂಗಸು. ಧ್ವನಿ ಸಣ್ಣದು, ಕಣ್ಣು ದೊಡ್ಡವು. ನಾನು ಆಲ್ಬಮ್ ಕೊಡುವ ಬದಲು ಹಿಂದಿನ ದಿನದ ಕತೆ ಹೇಳುತ್ತ ಬೈಗುಳ ಶುರು ಮಾಡಿದೆ.

"ಥಾಂಬ್ ರೇ!" ಎಂದು ಕೈ ಎತ್ತಿ ತಡೆದರು. "ಮೊದಲ ಚಾ ಹೇಳು. ಆಮ್ಯಾಲ ಮೊದಲಿಂದ ಹೇಳು. ಆ ಮೆಮರಿ ಎಷ್ಟ ಹಾಕ್ಬೇಕಂತ ಯಾರು ನಿರ್ಧಾರ ಮಾಡಿದ್ರು?"

ಪೊಲೀಸರು ಕಳ್ಳತನ ಯಾವಾಗ ಆಯಿತು ಎಂದು ಕೇಳುತ್ತಾರೆ. ಈಕೆ ಇದನ್ನು ಕೇಳಿದರು. ನಾನು ಹೇಳಿದೆ.

ದಸರಾಕ್ಕೂ ಮುಂಚೆ ಆ ಪಡಸಾಲೆಯಲ್ಲಿ ದೊಡ್ಡ ಪಂಚಾಯ್ತಿಯೇ ನಡೆದಿತ್ತು. ಸಿದ್ದಲಿಂಗ ಕಾಗವಾಡದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದವನು. "ಇನ್ನೂರಾ ಐವತ್ತಾರ ಎಂಬಿ ಬೇಕಾದಷ್ಟ ಆತು" ಎಂದು ಊರಿಗೆಲ್ಲ ಮೊದಲೇ ಸಾರಿ ಬಿಟ್ಟಿದ್ದ. ಸಮಾಧಾನ ಒಪ್ಪಲಿಲ್ಲ. "ಪತ್ರ ಟೈಪ್ ಮಾಡಾಕ ಸಾಕ್ರೀ. ಫೋಟೋ ಕೆಲಸಕ್ಕ ಸಾಲೂದಿಲ್ಲ. ಐದನೂರಾ ಹನ್ನೆರಡು ಎಂಬಿಯವು ಎರಡು, ಒಂದು ಜೀಬಿ ಹಾಕ್ರಿ" ಎಂದ.

ಕಾಳವ್ವನವರಿಗೆ ಇದು ಅರ್ಥವಾಗಲಿಲ್ಲ. ಅವರಿಗೆ ಅವನು ಬಿಡಿಸಿ ಹೇಳಿದ: "ಅವ್ವಾರ, ಮೆಮರಿ ಅಂದ್ರ ನಿಮ್ಮ ಅಡಗಿ ಕಟ್ಟಿ ಇದ್ದಂಗ. ಕಟ್ಟಿ ಸಣ್ಣದಿದ್ರ ಹಿಟ್ಟ ನಾದಾಕ ಪಾತ್ರಿ ಕೆಳಗಿಡಬೇಕು, ಪಾತ್ರಿ ಇಡಾಕ ಹಿಟ್ಟ ಕೆಳಗಿಡಬೇಕು. ಎತ್ತಿ ಇಳಿಸೂದರಾಗ ಹೊತ್ತ ಹೋಗ್ತೈತಿ."

"ಹಂಗಾದ್ರ ದೊಡ್ಡದ ಹಾಕ" ಎಂದುಬಿಟ್ಟರು ಕಾಳವ್ವ. ಸಿದ್ದಲಿಂಗ ಜಗ್ಗಲಿಲ್ಲ. ಆಗ ಕೋಮಲ, ನಗುತ್ತಲೇ, "ನೀವ ಯಾವತ್ತ ಫೋಟೋ ಕೆಲಸಾ ಮಾಡೀರಿ?" ಎಂದು ಕೇಳಿದಳು. ಪಡಸಾಲೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

"ಸಿದ್ದಲಿಂಗ?" ಎಂದರು ಗಂಗೂಬಾಯಿ.

"ಎದ್ದ ಹೋದ್ರಿ."

"ನೀ ಎಲ್ಲಿದ್ದಿ, ಪೂಜಿ ದಿನ?"

"ನಾನಾ? ನನ್ನ ಮ್ಯಾಲೂ ಸಂಶಯಾ ಏನ್ರೀ ಅಕ್ಕಾರ?"

"ಎಲ್ಲಾರ ಮ್ಯಾಲೂ ಐತಿ. ಹೇಳು."

"ಸ್ಟುಡಿಯೋದಾಗ ಕ್ಯಾಮೆರಾ ಪೂಜಿ ಮಾಡಾಕತ್ತಿದ್ದೆ."

ಅವರು ಚಹದ ಕಪ್ಪು ಇಟ್ಟು ಎದ್ದರು. "ಆ ಪಟ್ಟಿ ಎಲ್ಲದಾವ?"

"ವಿರುಪಾಕ್ಷಪ್ಪನವರು ಪುರಾವೆ ಅಂತ ವಸ್ತ್ರದಾಗ ಗಂಟ ಕಟ್ಟಿ ಇಟ್ಟಾರ."

"ಛಲೋ ಆತು. ಆ ಹುಡುಗನ್ನೂ ಕರಿ."

* * *

ಸಮಾಧಾನ ಬರಲು ಒಪ್ಪಲಿಲ್ಲ. ಅಂಗಡಿಯಲ್ಲಿ ಅರ್ಧ ಸಾಮಾನು ರಟ್ಟಿನ ಡಬ್ಬಿ ಸೇರಿತ್ತು. ಹೊರಗೆ ಇಬ್ಬರು ಗಿರಾಕಿಗಳು ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ತಂದು, "ನಮ್ಮದರಾಗೂ ಏನ್ ಹಾಕೀಯೋ ಬಿಚ್ಚಿ ತೋರ್ಸು" ಎಂದು ಕೂತಿದ್ದರು. ಗೋಡೆಯ ಮೇಲಿನ ಬುದ್ಧನ ಫೋಟೋ ಒಂದನ್ನೇ ಅವನು ಇನ್ನೂ ಇಳಿಸಿರಲಿಲ್ಲ.

"ಅಕ್ಕಾರ, ಮಳಗಿ ಹೋದ್ರ ಇನ್ನೊಂದ ಸಿಗ್ತೈತಿ," ಎಂದ. "ಹೆಸರ ಹೋದ್ರ? ಕಾಗವಾಡಕ್ಕ ಹೋದ್ರೂ ಅಥಣಿಗೆ ಹೋದ್ರೂ ಈ ಮಾತ ನನಗಿಂತ ಮೊದಲ ಹೋಗಿರತೈತಿ. ಆ ಸಣ್ಣ ಪಟ್ಟಿ ಹಾಕಿದವನ ಹೆಸರ ನನಗ ಬೇಕ್ರೀ. ಅಷ್ಟ."

ಅವನ ಧ್ವನಿಯಲ್ಲಿ ಅಳು ಇರಲಿಲ್ಲ. ಅಲ್ಲಿದ್ದ ಹಟ ನನ್ನ ಸಿಟ್ಟಿಗಿಂತ ಆಳವಾಗಿತ್ತು.

"ಹೆಸರ ಸಿಗಬೇಕಂದ್ರ ನೀ ಬರಬೇಕು" ಎಂದರು ಗಂಗೂಬಾಯಿ.

ಅವನು ಬಂದ. ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ವಿರುಪಾಕ್ಷಪ್ಪ ಜೋಕಾಲಿಯ ಮೇಲೆ. ಕಾಳವ್ವ ಬಾಗಿಲಿಗೆ ಒರಗಿ. ಸಿದ್ದಲಿಂಗ ಕುರ್ಚಿಯಲ್ಲಿ. ತಗಡು ಬಿಚ್ಚಿಟ್ಟ ಕಂಪ್ಯೂಟರಿನ ಪಕ್ಕದಲ್ಲಿ ಕೋಮಲ ನಿಂತಿದ್ದಳು.

ಗಂಗೂಬಾಯಿ ಗಂಟು ಬಿಚ್ಚಿಸಿ ಪಟ್ಟಿಗಳನ್ನು ಬೆಳಕಿಗೆ ಹಿಡಿದರು. ಎರಡರ ಮೇಲೂ ಚೀಟಿ ಅಂಟಿಸಿದ ಮಗ್ಗುಲಿಗೆ, ನಟ್ಟನಡುವೆ, ದುಂಡಗೆ ಅರಿಷಿಣ. ಒಣಗಿ ಬಿರುಕು ಬಿಟ್ಟಿತ್ತು.

"ಅವ್ವಾರ, ನೀವು ಹಚ್ಚುವಾಗ ಪಟ್ಟಿ ಕೈಯಾಗ ಹಿಡ್ದಿದ್ರೋ?"

"ಇಲ್ಲವ್ವಾ. ಈ ಹುಡುಗ ಮೊದಲ ಒಳಗ ಕೂರ್ಸಿದ್ದ. ನಾ ಮ್ಯಾಲಿಂದ ಬೆರಳ ಮುಟ್ಟಿಸಿದೆ."

"ಆಗ ಯಾರ್ ಯಾರ್ ಇದ್ರಿ?"

"ನಾನು, ಇವರು, ಕೋಮಲಾ, ಈ ಹುಡುಗಾ."

"ಸಿದ್ದಲಿಂಗ?"

"ಅವ ದ್ರಾಕ್ಷಿ ತೋಟಕ್ಕ ಟ್ರ್ಯಾಕ್ಟರ್ ಪೂಜಿಗೆ ಹೋಗಿದ್ದ. ಬಂದ ಮ್ಯಾಲ ನಾನ ಹೇಳಿದೆ, ನಿನ್ನ ಹೇಣ್ತಿ ಮಿಷನ್ನಿನ ಮೆಮರಿಗೂ ಅರಿಷಿಣ ಹಚ್ಚೀನಿ ಅಂತ."

"ಪೂಜಿ ಆದ ಮ್ಯಾಲ ಸಮಾಧಾನ ಈ ಮನಿಗೆ ಬಂದಿದ್ನೇನು?"

"ಇಲ್ಲ. ಮಿಷನ್ ನಿಧಾನ ಆಗೇತಿ ಅಂತ ಇವರು ಕರಿಸಿದಾಗಲೇ ಬಂದದ್ದು."

"ಏನ ಕೇಳಾಕತ್ತೀರಿ ನೀವು?" ವಿರುಪಾಕ್ಷಪ್ಪ ಜೋಕಾಲಿ ನಿಲ್ಲಿಸಿದರು. "ಅರಿಷಿಣ ಇದ್ದದ್ದ ಖರೇ ಅಲ್ಲೇನು?"

"ಖರೇ ಐತ್ರಿ. ಅದಕ್ಕ ಕೇಳಾಕತ್ತೀನಿ. ಸಮಾಧಾನ, ಎರಡನ್ನೂ ಹೊಳ್ಳಿ ಹಾಕು. ಚೀಟಿ ಈ ಕಡೆ ಮುಖಾ ಮಾಡಿ ಹಾಕು, ಆಮ್ಯಾಲ ಆ ಕಡೆ ಮಾಡಿ ಹಾಕು."

"ಹಂಗ ಆಗೂದಿಲ್ರಿ. ಕೆಳಗ ಕಚ್ಚು ಐತಿ ನೋಡ್ರಿ. ಒಂದ ದಿಕ್ಕಿಗಷ್ಟ ಕೂರತೈತಿ. ಎರಡೂ ಹಂಗ."

ಕೂರಿಸಿದ. ಪಟ್ಟಿಗಳು ಅಕ್ಕಪಕ್ಕ, ಒಂದಕ್ಕೊಂದು ಅಂಟಿದಂತೆ ನಿಂತವು. ಮುಂದಿನ ಪಟ್ಟಿಯ ಅರಿಷಿಣ ಕಾಣುತ್ತಿತ್ತು. ಹಿಂದಿನದರ ಅರಿಷಿಣ ಇಲ್ಲ! ಅದು ಎರಡು ಪಟ್ಟಿಗಳ ಸಂದಿಗೆ ಸೇರಿ ಮಾಯವಾಗಿತ್ತು.

"ಅವ್ವಾರ, ಬರ್ರಿ. ಹಿಂದಿನ ಪಟ್ಟಿಗೆ ನಡುವ ಬೆರಳ ಮುಟ್ಟಿಸ್ರಿ."

ಕಾಳವ್ವ ಬೆರಳು ಹಾಕಿದರು. ತೂರಲಿಲ್ಲ. ಕಿರುಬೆರಳು ಹಾಕಿದರು. ಅದೂ ತೂರಲಿಲ್ಲ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಇದು... ನಾ ಹಚ್ಚಿದ್ದಲ್ಲವ್ವಾ."

ಗಂಗೂಬಾಯಿ ಮುಂದಿನ ಪಟ್ಟಿಯ ಅರಿಷಿಣವನ್ನು ಉಗುರಿನಿಂದ ಕೆರೆದು ನೋಡಿದರು.

"ಇನ್ನೊಂದ. ನೀವು ಹಚ್ಚಿದ್ದು ಒದ್ದೀದೋ, ಒಣದೋ?"

"ಒಣದು! ನೀರ ತಾಗಿದ್ರ ಮಿಷನ್ ಸುಡತೈತಿ ಅಂತ ಈ ಹುಡುಗನ ಹೇಳಿದ್ದ. ಚಿಟಿಕಿ ಒಣಾ ಪುಡಿ ಮ್ಯಾಲ ಅಂಚಿಗೆ ಸವರಿದೆ."

"ಇದು ನೀರಾಗ ಕಲಿಸಿದ ಅರಿಷಿಣ. ಅದಕ್ಕ ಬಿರಕ ಬಿಟ್ಟೈತಿ." ಗಂಗೂಬಾಯಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. "ಪೂಜಿ ಆದ ಮ್ಯಾಲ ಯಾರೋ ದೊಡ್ಡ ಪಟ್ಟಿ ತೆಗದು, ಸಣ್ಣವಕ್ಕ ಕೈಯಾಗ ಹಿಡದು ಅರಿಷಿಣ ಹಚ್ಚಿ ಒಳಗ ಕೂರಿಸ್ಯಾರ. ಯಾರು? ಪೂಜಿ ಕಣ್ಣಿಂದ ನೋಡಿದವರು ಇದ್ದಿದ್ರ ಒಣಾ ಪುಡಿ ಅಂಚಿಗೆ ಹಚ್ಚತಿದ್ರು. ಇವರು ನೋಡಿಲ್ಲ. ಬರೇ ಕೇಳ್ಯಾರ. ಅದಕ್ಕ ಹಣಿಗೆ ಹಚ್ಚಿದಂಗ ನಡುವ ಹಚ್ಚ್ಯಾರ."

ಅವರು ಸಣ್ಣ ಪಟ್ಟಿಗಳ ಕಡೆ ಬೆರಳು ಮಾಡಿದರು.

"ಕಳ್ಳ ಆಗಿದ್ರ ಎರಡೂ ಒಯ್ದು ಬಿಡತಿದ್ದ. ಇವ ಬದಲಿಗೆ ನೂರಾ ಇಪ್ಪತ್ತೆಂಟರವು ಎರಡು ಹುಡುಕಿ ತಂದು ಹಾಕ್ಯಾನ. ಕೂಡಿಸಿದ್ರ ಎಷ್ಟ?"

"ಇನ್ನೂರಾ ಐವತ್ತಾರು" ಎಂದಳು ಕೋಮಲ. ಅವಳು ಗಂಡನನ್ನೇ ನೋಡುತ್ತಿದ್ದಳು.

"ಇದು ಕಳವಲ್ಲ, ಸೇಡು. ಇಷ್ಟ ಸಾಕು ಅಂತ ಹೇಳಿದವರು ಯಾರು? ಪೂಜಿಗೆ ಇಲ್ಲದವರು ಯಾರು? ಡಬ್ಬಿ ಬಿಚ್ಚಾಕ ಬರೋದು ಯಾರಿಗೆ? ಸಿದ್ದಲಿಂಗ, ದೊಡ್ಡ ಪಟ್ಟಿ ಎಲ್ಲಿಟ್ಟೀಯಪ್ಪಾ?"

ಸುಳ್ಳು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ.

"ಟ್ರ್ಯಾಕ್ಟರಿನ ಪಾನಾ ಡಬ್ಬ್ಯಾಗ ಅದಾವ್ರಿ" ಎಂದ.

ವಿರುಪಾಕ್ಷಪ್ಪ ಆಳನ್ನು ಓಡಿಸಿದರು. ಸ್ಪ್ಯಾನರುಗಳ ಡಬ್ಬಿಯಿಂದ, ಬಟ್ಟೆಯಲ್ಲಿ ಸುತ್ತಿದ ಎರಡು ಪಟ್ಟಿ ಬಂದವು. ಮೇಲಿನ ಅಂಚಿಗೆ ಒಣ ಅರಿಷಿಣದ ಧೂಳು ಇನ್ನೂ ಇತ್ತು.

"ಇವನ ಮ್ಯಾಲ ಹಾಕಾಕಂತ ಅರಿಷಿಣ ಹಚ್ಚಿದ್ಯಾ?" ಎಂದರು ಗಂಗೂಬಾಯಿ.

"ಇಲ್ರೀ! ಹೇಣ್ತಿ ಮುಂದ, ಊರ ಮುಂದ ನನ್ನ ಮಾತ ಕಸಾ ಮಾಡಿದ್ರು. ಅವನ ದೊಡ್ಡ ಮೆಮರಿ ಇದ್ರೂ ಮಿಷನ್ ನಡಿಯೂದಿಲ್ಲಂತ ತೋರ್ಸಬೇಕಿತ್ತು. ಮಿರಜದಾಗ ಹಳೇ ಪಟ್ಟಿ ತಂದೆ. ಆದ್ರ ಖಂಡೇಪೂಜಿ ಆದ ಮಿಷನ್ರೀ ಅದು. ಪೂಜಿ ಇಲ್ಲದ್ದನ್ನ ಒಳಗ ಹ್ಯಾಂಗ ಹಾಕ್ಲಿ? ದೇವರ ಮನ್ಯಾಗ ಕುಂತು ಅರಿಷಿಣ ಹಚ್ಚಿ, ಕೈ ಮುಗದು ಹಾಕಿದೆ."

"ಆಮ್ಯಾಲ?"

"ಅವ್ವ ಅರಿಷಿಣ ನೋಡಿ ಇವನ ಹೆಸರ ಹಿಡದಳು. ಆತು ಬಿಡು, ಹೋಗ್ಲಿ ಅವ ಅಂತ... ಸುಮ್ಮನಾದೆ."

ಕೈ ಮುಗಿದು ಕದ್ದವನು! ದೇವರಿಗೆ ಅಂಜಿದ ಭೂಪ, ಮಣ್ಣಿನಲ್ಲಿ ಕೂತ ಮನುಷ್ಯನನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿದ್ದ. ನನಗೆ ಅವನ ಕಪಾಳಕ್ಕೆ ಬಿಡಬೇಕೆನಿಸಿತು. ಗಂಗೂಬಾಯಿ ನನ್ನ ತೋಳು ಹಿಡಿದರು.

ವಿರುಪಾಕ್ಷಪ್ಪ ಜೋಕಾಲಿಯಿಂದ ಎದ್ದರು. "ಆತು. ಮಳಗಿ ಖಾಲಿ ಮಾಡೂದ ಬ್ಯಾಡ. ಇದು ಮನಿ ಮಾತು, ಮನ್ಯಾಗ ಇರ್ಲಿ."

"ಇಲ್ರೀ ಮಾಲಕರ," ಎಂದ ಸಮಾಧಾನ. "ಕಳ್ಳ ಅಂದಿದ್ದು ಅಂಗಳದಾಗ. ಕಳ್ಳ ಅಲ್ಲ ಅನ್ನೂದು ಪಡಸಾಲ್ಯಾಗ? ಸಂತಿ ದಿನ ನಿಮ್ಮ ಮಗಾ ನನ್ನ ಅಂಗಡಿ ಮುಂದ ನಿಂತ ಹೇಳ್ಲಿ."

"ನಮ್ಮ ಮನಿ ಮರ್ಯಾದಿ ಪ್ಯಾಟ್ಯಾಗ ಇಡಬೇಕೇನ ನಾನು? ಆಗೂದಿಲ್ಲ!"

ಆಗ ಕೋಮಲ ಮುಂದೆ ಬಂದಳು. ಮಾವನ ಕೈಯಿಂದ ದೊಡ್ಡ ಪಟ್ಟಿಗಳನ್ನು ಮೆಲ್ಲಗೆ ತೆಗೆದುಕೊಂಡು ಸಮಾಧಾನನ ಕೈಯಲ್ಲಿಟ್ಟಳು.

"ಸಮಾಧಾನಣ್ಣಾ, ಇವನ್ನ ನಿಮ್ಮ ಅಂಗಡಿ ಮಿಷನ್ನಿಗೆ ಹಾಕ್ರಿ. ಸಂತಿ ದಿನದಿಂದ ನಾ ಅಲ್ಲೇ ಕುಂತು ಆಲ್ಬಮ್ ಮಾಡ್ತೀನಿ."

"ವೈನಿ, ಬ್ಯಾಡ್ರಿ..." ಎಂದ ಸಮಾಧಾನ.

"ಕೋಮಲಾ!" ಎಂದು ಗುಡುಗಿದರು ಮಾವ. "ಜನಾ ಕೇಳತಾರ. ಏನ ಹೇಳ್ತಿ?"

"ಕೇಳಿದವರಿಗೆಲ್ಲಾ ಇದ್ದದ್ದ ಹೇಳ್ತೀನ್ರೀ ಮಾವಾರ. ಇವರು ನನ್ನ ಕೆಲಸಾ ನಿಲ್ಲಿಸಿದ್ರು, ಈ ಅಣ್ಣನ ಹೆಸರ ಕೆಡಿಸಿದ್ರು. ಇವರ ಬಾಯಿಲೆ ಬ್ಯಾಡಂದ್ರ ನನ್ನ ಬಾಯಿಲೆ ಬರ್ಲಿ."

"ಹೋಗ್ಲಿ ಬಿಡ್ರೀ" ಎಂದು ಕಾಳವ್ವ ಗಂಡನಿಗೆ ಹೇಳಿದರು. "ಆ ಹುಡುಗನ ಮ್ಯಾಲ ನಾನೂ ಸುಳ್ಳ ಹಾಕೀನಿ."

* * *

ಸಂತೆಯ ದಿನ ಮುಂಜಾನೆ ಸಿದ್ದಲಿಂಗ ಹೆಂಡತಿಯನ್ನು ಮೋಟಾರ್ ಸೈಕಲ್ ಮೇಲೆ ಕರೆತಂದ. ನಡೆದೇ ಹೋಗುತ್ತೇನೆ, ದಾರಿಯುದ್ದಕ್ಕೂ ಜನ ಕೇಳಲಿ ಎಂದಿದ್ದಳಂತೆ ಅವಳು. ಅದಕ್ಕೆ ಹೆದರಿ ಗಾಡಿ ತೆಗೆದಿದ್ದ.

ಅಂಗಡಿ ಎದುರು ಬದನೆಕಾಯಿ ಹರವಿಕೊಂಡು ಜುಗೂಳದ ಸಕ್ಕುಬಾಯಿ ಕೂತಿದ್ದಳು. ಈಕೆಗೆ ಹೇಳಿದರೆ ಹೊಳೆಯಾಚೆಯ ಊರಿಗೂ ಹೇಳಿದಂತೆ. "ಏನವ್ವಾ ಕೋಮಲಾ, ದೊಡ್ಡ ಮನಿ ಸೊಸಿ, ಈ ಅಂಗಡ್ಯಾಗ ಕೆಲಸಕ್ಕ ಬಂದಿ?" ಎಂದು ಕೂಗಿದಳು.

ಕೋಮಲ ಇಳಿದು ಸೆರಗು ಸರಿ ಮಾಡಿಕೊಂಡಳು. "ತಡಿ ಆಯಿ, ಹೇಳ್ತೀನಿ" ಎಂದು ದನಿ ಎತ್ತಿ, ಮೊದಲಿನಿಂದ ಶುರು ಮಾಡಿದಳು. ಬದನೆಕಾಯಿ ಕೊಳ್ಳಲು ಬಂದವರು ನಿಂತರು. ಕಂಪ್ಯೂಟರ್ ಹೊತ್ತು ತಂದಿದ್ದ ಗಿರಾಕಿಗಳೂ ನಿಂತರು. ಸಮಾಧಾನ ಕೌಂಟರಿನ ಹಿಂದೆ ನಿಂತು, ಪ್ರತಿ ಮಾತನ್ನೂ ಎಣಿಸುವವನಂತೆ ಕೇಳಿದ. ನನ್ನ ಹೊಟ್ಟೆ ತಣ್ಣಗಾಯಿತು.

ಸಿದ್ದಲಿಂಗ ಗಾಡಿ ತಿರುಗಿಸಿ ಕಿಕ್ ಹೊಡೆದ. ಚಾಲೂ ಆಗಲಿಲ್ಲ. ಮತ್ತೆ ಹೊಡೆದ. ಜನ ಇನ್ನೂ ಸೇರಿದರು. ಕೋಮಲ ಅರಿಷಿಣದ ತನಕ ಬಂದಿದ್ದಳು. ಅವನು ತಲೆ ತಗ್ಗಿಸಿ, ಗಾಡಿಯನ್ನು ಕೈಯಿಂದ ತಳ್ಳಿಕೊಂಡು ಸಂತೆಯ ನಡುವೆ ಹೊರಟ.