ಮಸಾಯಿ ಮಾರಾದಲ್ಲಿ ಇಟ್ಟ ಎಡೆ

"ಒಳಕ್ಕೆ ಬರಬ್ಯಾಡಿ! ಕೈಯಲ್ಲಿ ಬಿಸಿ ಮುದ್ದೆ ಐತೆ!"

ಲತ ಕೂಗಿದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವನು ಬೆಚ್ಚಿ ಹಿಂದಕ್ಕೆ ಸರಿದ. ತಲೆ ಚೌಕಟ್ಟಿಗೆ ಬಡಿಯಿತು.

"ಬೆಳಗ್ಗೆ ಸಿಂಹದ ಮುಂದೆನೂ ಇಂಗೆ ಎದ್ರಿರ್ಲಿಲ್ಲ ಕಣ್ರೀ!" ಎಂದು ಹಣೆ ಉಜ್ಜಿಕೊಂಡ.

ಅವಳಿಗೆ ನಗು ಬಂದುಬಿಟ್ಟಿತು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತು...!

ಅವನು ಅಕ್ಕಿಹೆಬ್ಬಾಳಿನ ತಿಮ್ಮರಾಜು. ಹಸು ಸಾಕಿ ಹಾಲು ಹಾಕುವ ರೈತ. ತಾಯಿ ದೊಡ್ಡತಾಯಮ್ಮನಿಗೆ ಕೀನ್ಯಾ ದೇಶದ ಮಸಾಯಿ ಮಾರಾ ಬಯಲಿನ ಕಾಡುಪ್ರಾಣಿಗಳನ್ನು ತೋರಿಸಲು ಪ್ರವಾಸದ ಗುಂಪಿನೊಡನೆ ಬಂದಿದ್ದ. ಗುಂಪಿನವರು ಊಟಕ್ಕೆ ಕಷ್ಟಪಡಬಾರದೆಂದು ಶ್ರೀರಂಗಪಟ್ಟಣದಲ್ಲಿ ಮೆಸ್ ನಡೆಸುತ್ತಿದ್ದ ಲತಳನ್ನೂ ಕರೆತಂದಿದ್ದರು. ಅವಳು ಹಿಂದೆಯೂ ಈ ಬಿಡಾರಕ್ಕೆ ಬಂದಿದ್ದಳು. ಕಂಡಿದ್ದು ಮಾತ್ರ ಒಲೆ, ಮುಳ್ಳುಬೇಲಿ, ಬೇಲಿಯಾಚೆಯ ಧೂಳು.

"ಅವ್ವ ಊರು ಬುಟ್ಟಾಗ್ನಿಂದ ಬರೀ ಬಾಳೆಹಣ್ಣಲ್ಲೇ ಅವ್ಳೆ. ಮುದ್ದೆ ವಾಸ್ನೆ ಇಡ್ಕಂಡು ಬಂದೆ."

"ತಕ್ಕೊಂಡೋಗಿ... ಅದ್ಸರಿ, ಸಿಂಹ ಯಂಗಿರ್ತದೆ?"

"ನೀವು ನೋಡಿಲ್ವಾ?"

"ನಾನು ಕಾಡಿಗೆ ಹೋದ್ರೆ ನಿಮ್ಗೆ ಸಾರು ಯಾರು ಮಾಡ್ತಾರೆ?"

ಅಂದಿನಿಂದ ಅವನು ಜೀಪು ಇಳಿದವನೇ ನೇರ ಅಡುಗೆಮನೆಯ ಬಾಗಿಲಿಗೆ ಬರತೊಡಗಿದ.

"ಬಯಲು ಅಂದ್ರೆ ಬಯಲು! ಕುಯ್ಲಿಗೆ ಬಂದ ಗದ್ದೆಯಂಗೆ ಉಲ್ಲು. ಮಧ್ಯೆ ಒಂದೊಂದು ಜಾಲಿ ಮರ, ಕೊಡೆ ಬಿಚ್ದಂಗೆ. ಜಿರಾಫೆ ಅದರ ಮ್ಯಾಲಿಂದ ನಮ್ಮನ್ನ ನೋಡ್ತದೆ, ಪಕ್ಕದ್ಮನೆ ಅತ್ತೆ ಗೋಡೆ ಮ್ಯಾಲಿಂದ ಇಣುಕ್ದಂಗೆ!"

"ಅದೇನೋ ವೈಲ್ಡ್‌ಬೀಸ್ಟು ಅಂತಾರಲ್ಲ, ಆ ಕಾಡುದನ?"

"ಎಮ್ಮೆಗೆ ಕುದುರೆ ಬಾಲ ಕಟ್ಟಿ, ಮ್ಯಾಕೆ ಗಡ್ಡ ಅಂಟ್ಸಿ. ಅಂಗೆ! ಸಾವಿರಾರು ಅವೆ. ಒಂದ್ರಲ್ಲೂ ಹಾಲು ಕರ್ಯಂಗಿಲ್ಲ, ಅದೇ ನನ್ ಸಂಕ್ಟ."

ಬೇಳೆ ಕುದಿಯುತ್ತಿರುವಾಗ ಲತ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಗೋಡೆಗಳು ಕರಗಿ ಹೊನ್ನಿನ ಹುಲ್ಲು ಕಾಲಬಳಿ ತೂಗುತ್ತಿತ್ತು. ಆವಿಯೊಳಗಿಂದ ಪಟ್ಟೆಕುದುರೆಗಳು ಬಂದು ನೀರು ಕುಡಿದು ಹೋಗುತ್ತಿದ್ದವು... ಕಣ್ಣು ತೆರೆದರೆ, ಅವನು!

ಆದರೆ ಚಳಿಗೆ ಹಾಕಿದ ಅವಳ ಸ್ವೆಟರಿನೊಳಗೆ, ಅವನ ಕಣ್ಣಿಗೆ ಬೀಳದೆ, ತಾಳಿಯಿತ್ತು.

ಗಂಡ ಚಲುವರಾಜು ತೀರಿಕೊಂಡು ವರ್ಷಗಳಾಗಿದ್ದವು. ಪರಸ್ಥಳದಲ್ಲಿ ಒಂಟಿಯಾಗಿ ದುಡಿಯುವ ಹೆಣ್ಣಿನ ಕೊರಳಲ್ಲಿ ತಾಳಿ ಕಂಡರೆ ಗಂಡಸರು ಅಳೆದು ಮಾತಾಡುತ್ತಾರೆಂದು ಅವಳು ಅದನ್ನು ತೆಗೆದಿರಲಿಲ್ಲ. ದೇವರೆದುರು ಮಾತ್ರ ತಪ್ಪೊಪ್ಪಿಕೊಳ್ಳುತ್ತಿದ್ದಳು.

ಒಂದು ಸಂಜೆ ತಿಮ್ಮರಾಜು ಹೊಸ್ತಿಲಲ್ಲಿ ತಡವರಿಸಿದ.

"ಲತಾವ್ರೆ... ಒಂದ್ ಮಾತು ಕೇಳ್ಲಾ?"

ಅವಳು ಸೌಟು ಕೆಳಗಿಟ್ಟಳು. ಕೈ ತಾನಾಗಿ ತಾಳಿಯನ್ನು ಹೊರಗೆಳೆಯಿತು.

"ನಮ್ಮನೆಯವ್ರು ಪಟ್ಣದಲ್ಲಿ ಮೆಸ್ಸು ನೋಡ್ಕತಾವ್ರೆ. ನನಗೋಸ್ಕರ ಕಾಯ್ತಾವ್ರೆ."

ಅವನ ಮುಖ ಬಾಡಿತು. "ತಪ್ಪಾಯ್ತು ಕಣವ್ವ," ಎಂದು ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ...

'ಯಾಕೆ ಸುಳ್ಳು ಹೇಳಿದೆ? ನಿಜ ಹೇಳಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದನೇನೋ. ಅವನ ಕರುಣೆ ನನಗೆ ಬೇಡ! ಹಾಗಾದರೆ ಏನು ಬೇಕು...?' ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಊರಿನಲ್ಲಿ ಮನೆಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ದಿನ. ದೊಡ್ಡತಾಯಮ್ಮ ಹಟ ಹಿಡಿದಳು.

"ನಾವು ದೇಶ ಬುಟ್ಟು ಬಂದ್ರೆ ಇರೀಕರಿಗೆ ಹೊಟ್ಟೆ ಹಸಿಯಲ್ವಾ? ಮಾಡವ್ವ ಅಡ್ಗೆಯಾ!"

ಲತ ವಡೆ, ಪಾಯಸ, ಕುಂಬಳಕಾಯಿ ಪಲ್ಯ ಮಾಡಿದಳು. ಜಾಲಿ ಮರದಡಿ ಎಲೆ ಹಾಸಿದರು. ಗಂಡನ ಎಡೆಗೆಂದು ಮುದುಕಿ ಚೀಲದಿಂದ ಬೀಡಿ ಕಟ್ಟು ತೆಗೆದಳು.

"ಏರ್‌ಪೋರ್ಟಲ್ಲಿ ಯಾರ್ದಿದು ಅಂದ್ರು. ನಮ್ ಯಜಮಾನ್ರುದು ಅಂದೆ. ಎಲ್ಲವ್ರೆ ಅಂದ್ರು. ಮ್ಯಾಲವ್ರೆ ಅಂದೆ. ಬುಟ್ಬುಟ್ರು!"

ಎಲ್ಲರೂ ನಕ್ಕರು. ಕೆಲವರ ಕಣ್ಣೂ ಒದ್ದೆಯಾದವು.

ಎಲ್ಲರೂ ಊಟಕ್ಕೆ ಕುಳಿತ ಮೇಲೆ ಲತ ಅಡುಗೆಮನೆಯ ಹಿಂದೆ ಒಬ್ಬಳೇ ಇನ್ನೊಂದು ಎಲೆ ಹಾಸಿದಳು. ಚಲುವರಾಜುವಿಗೆ ಇಷ್ಟವಾದ ಕೋಡುಬಳೆ ಇಟ್ಟಳು. ಕರ್ಪೂರ ಹಚ್ಚಿ ಅಡ್ಡಬಿದ್ದಳು.

"ಉಣ್ಣಿ... ಇನ್ನೂ ಬಿಸಿ ಐತೆ."

ಬಿಳಿ ಕೊರಳಪಟ್ಟಿಯ ಆ ನಾಡಿನ ಕಾಗೆಯೊಂದು ಬೇಲಿಯ ಮೇಲೆ ಬಂದು ಕೂತಿತು.

"ಈ ಎಡೆ ಯಾರಿಗೆ?"

ತಾಯಿಗೆ ಕೈ ತೊಳೆಸಲು ಕರೆತಂದಿದ್ದ ತಿಮ್ಮರಾಜುವಿನ ದನಿ! ಲತ ತಲೆಯೆತ್ತಲಿಲ್ಲ. ಎಡೆಯ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ನಮ್ಮನೆಯವ್ರಿಗೆ..."

ಅವನ ನೋಟ ಎಡೆಯಿಂದ ಅವಳ ಕೊರಳಿನ ತಾಳಿಗೆ ಹೊರಳಿತು. ದೊಡ್ಡತಾಯಮ್ಮ ಮೆಲ್ಲನೆ ಕುಳಿತು ಅವಳ ತಲೆ ಸವರಿದಳು.

"ಜನಕ್ಕೆ ಎದುರ್ಕಂಡು ಇಟ್ಕಂಡಿದ್ದಾ ಮಗಾ, ಅದ್ನ?"

ಲತ ತಲೆಯಾಡಿಸಿದಳು. ಅಳು ತಡೆಯಲಾಗಲಿಲ್ಲ.

"ಅಳು, ಅತ್ಬುಡು. ನಾಳೆ ಅಡ್ಗೆ ನಂದು. ನೀನು ಜೀಪು ಹತ್ತು. ಲೇ ತಿಮ್ಮ, ಮರದಂಗೆ ನಿಂತವ್ನಲ್ಲ, ನೀರು ಕೊಡ್ಲಾ ಉಡ್ಗೀಗೆ!"

ಬೆಳಿಗ್ಗೆ ಲತ ತಾಳಿ ತೆಗೆದು ಕಣ್ಣಿಗೊತ್ತಿಕೊಂಡು, ಕುಂಕುಮದ ಭರಣಿಯ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಳು. ಬರಿದಾದ ಕೊರಳಿಗೆ ತಂಗಾಳಿ ತಾಗಿತು.

ಮಾರಾ ನದಿಯ ದಡ. ಕೇಳಿದ್ದೆಲ್ಲಾ ಕಣ್ಣೆದುರಿಗೆ! ಮಂಜಿನೊಳಗಿಂದ ಕಾಡುದನಗಳ ಸಾಲು ಮುಗಿಯದೆ ಬರುತ್ತಲೇ ಇತ್ತು. ಕೆಳಗೆ ಕಂದು ನೀರು, ಬಂಡೆಯಂತೆ ಮಲಗಿದ ಮೊಸಳೆಗಳು. ಮುಂದಿನ ದನ ನೀರಿಗೆ ಮೂತಿ ಚಾಚಿ ಹಿಂದೆ ಸರಿಯಿತು. ಮತ್ತೆ ಬಂತು.

ತಿಮ್ಮರಾಜು ಪಕ್ಕದಲ್ಲೇ ಕುಳಿತಿದ್ದ.

"ನಾನು ಸುಳ್ಳು ಹೇಳ್ದೆ," ಎಂದಳು ಲತ.

"ಗೊತ್ತಾಯ್ತಲ್ಲ, ಬುಡಿ."

"ಅದಲ್ಲ... ನೀವು ಬರದೆ ಇದ್ರೆ ನಂಗೇನೂ ಇಲ್ಲ ಅಂತ ನನಗೆ ನಾನೇ ಹೇಳ್ಕಂಡ್ನಲ್ಲ... ಆ ಸುಳ್ಳು."

ಧಡ್ ಎಂದು ಮೊದಲ ದನ ನದಿಗೆ ಹಾರಿತು. ಅದರ ಹಿಂದೆ ಇಡೀ ಬಯಲೇ ನೀರಿಗೆ ಇಳಿಯಿತು. ಆ ಸದ್ದು ತಗ್ಗುವವರೆಗೂ ಅವನು ಅವಳನ್ನೇ ನೋಡುತ್ತಿದ್ದ.

"ಅಕ್ಕಿಹೆಬ್ಬಾಳಲ್ಲಿ ಇವೆಲ್ಲ ಇಲ್ಲ. ನಾಕು ಹಸ, ಒಂದು ಹೇಮಾವತಿ ಹೊಳೆ, ಬಾಯಿ ಜೋರಿರೋ ಅವ್ವ. ನಡೀತದಾ ಲತಾ?"

ಅವಳ ಕಣ್ಣು ತುಂಬಿತು.

"ಅವ್ರಿಗೆ ವರ್ಷಾ ವರ್ಷಾ ಎಡೆ ಇಡ್ತೀನಿ. ನಿಮ್ಗೆ ನಡೀತದಾ?"

ತಿಮ್ಮರಾಜು ಅವಳ ಕೈಯನ್ನು ಮೆಲ್ಲನೆ ತನ್ನ ಕೈಯೊಳಗೆ ತೆಗೆದುಕೊಂಡ.

"ಎಲೆ ನಾನೇ ಕುಯ್ಕಂಡು ಬತ್ತೀನಿ."